ಎರಡು ಪದ ಮರೆತ ಟೆನರ್: ನನ್ನ ಅನುಭವ

ಈಸ್ಟರ್‌ಗೆ ಮುಂಚಿನ ಮೂರು ವಾರ ನಾನು ಫೋನಿನಲ್ಲಿ ಯಾರಿಗೂ ಸಿಗುವುದಿಲ್ಲ. ನಾನು ಟೆನರ್, ಅಂದರೆ ಗಂಡುದನಿಗಳಲ್ಲಿ ಎತ್ತರದ ದನಿಯ ಹಾಡುಗಾರ, ಗಂಟಲು ಉಳಿಸಿಕೊಳ್ಳಬೇಕು. ನಾನಿರುವುದು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ, ಈ ದೇಶದಲ್ಲಿ ಆ ದಿನಗಳಲ್ಲಿ ಊರೂರಲ್ಲೂ ಜರ್ಮನಿಯ ಸಂಗೀತ ರಚನಕಾರ ಬಾಖ್‌ನ ಮ್ಯಾಥ್ಯೂ ಪ್ಯಾಶನ್, ಅಂದರೆ ಯೇಸುವಿನ ಕೊನೆಯ ದಿನಗಳ ಕತೆ ಹೇಳುವ ಹಾಡಿನ ಕೃತಿ, ನಡೆಯುತ್ತದೆ, ಬೆಂಗಳೂರಲ್ಲಿ ರಾಮನವಮಿಗೆ ಪೆಂಡಾಲ್ ಕಚೇರಿ ಇದ್ದ ಹಾಗೆ. ನಾರ್ಡೆನ್ ಊರಿನ ದೊಡ್ಡ ಚರ್ಚಿನಲ್ಲಿ 1922ರಿಂದ ಹಾಡುತ್ತಿದ್ದಾರೆ. ನನ್ನ ವರ್ಷದ ಸಂಪಾದನೆಯಲ್ಲಿ ಮೂರನೇ ಒಂದು ಭಾಗ ಈ ಮೂರೇ ವಾರದ್ದು. ಉಳಿದಂತೆ ಸಣ್ಣ ತಂಡಗಳು, ಭಾನುವಾರದ ಚರ್ಚು, ಪಾಠ. ಸಂಬಳದ ಕೆಲಸ ಅಲ್ಲ ಇದು.

ಬೆಂಗಳೂರಲ್ಲಿ ಕಲಿಯುವಾಗ ನನ್ನ ದನಿ ಸಣ್ಣದು, ಆಪೆರಾಕ್ಕೆ ಸಾಲದು ಅಂತ ಒಬ್ಬ ಮೇಷ್ಟ್ರು ಎರಡು ವರ್ಷ ಅದನ್ನು ಹಿಗ್ಗಿಸಲು ನೋಡಿದರು. ಹಿಗ್ಗಲಿಲ್ಲ, ಒಡೆಯಿತು ಅಷ್ಟೆ. ಆಮೇಲೆ ಬಾಖ್ ಕಾಲದ ಹಳೆಯ ಸಂಗೀತದ ಕಡೆ ಬಂದಾಗ ಗೊತ್ತಾಯಿತು, ಇಲ್ಲಿ ನಾಲ್ಕು ಪಿಟೀಲು, ಒಂದು ಆರ್ಗನ್ ಜೊತೆ ಹಾಡುವುದು, ಗೋಡೆ ಬೀಳಿಸಬೇಕಾಗಿಲ್ಲ.

ನಮ್ಮ ಕಡೆಯ ಕಿವಿ ಇಲ್ಲಿ ಕೆಲಸಕ್ಕೆ ಬಂತು. ಈಗಿನ ಆರ್ಕೆಸ್ಟ್ರಾದಲ್ಲಿ ಶ್ರುತಿಗೆ ಇಟ್ಟುಕೊಳ್ಳುವ ಎ ಸ್ವರ ಸೆಕೆಂಡಿಗೆ 440 ಕಂಪನ, ಬಾಖ್‌ಗೆ ನಾವು ಇಟ್ಟುಕೊಳ್ಳುವುದು 415. ಅರ್ಧ ಮನೆ ಕೆಳಗೆ. ಸ್ವರ ಕೇಳಿದ ಕೂಡಲೇ ಹೆಸರು ಹೇಳುವ ಸಹಪಾಠಿಗಳಿಗೆ ತಲೆ ಕೆಟ್ಟು ಹೋಗುತ್ತಿತ್ತು, ಕಣ್ಣಿಗೆ ಒಂದು ಸ್ವರ, ಕಿವಿಗೆ ಇನ್ನೊಂದು. ನನಗೇನೂ ಅನಿಸಲಿಲ್ಲ. ಶ್ರುತಿ ಎಲ್ಲಿಟ್ಟರೆ ಅಲ್ಲೇ ಸ, ಅಲ್ವಾ? ಇಟಲಿಯ ಮಾಂಟೆವರ್ಡಿಯ 1610ರ ವೆಸ್ಪರ್ಸ್, ಅಂದರೆ ಸಂಜೆ ಪ್ರಾರ್ಥನೆಯ ಸಂಗೀತ, ಹಾಡುವಾಗ ಆರ್ಗನ್ ಹಳೆಯ ಕ್ರಮದಲ್ಲಿ ಶ್ರುತಿ ಮಾಡಿದ್ದರು, ಅದರ ಗಾಂಧಾರ ಪಿಯಾನೋದ್ದಕ್ಕಿಂತ ತುಸು ತಗ್ಗು. ತಂಬೂರಿಯಲ್ಲಿ ತಾನಾಗೇ ಕೇಳಿಸುತ್ತದಲ್ಲ, ಅದೇ ಗಾಂಧಾರ. ಆದರೆ ಅದೇ ಕಿವಿಯಿಂದ ತೊಂದರೆಯೂ ಆಯಿತು. ಉದ್ದ ಸ್ವರ ಹಿಡಿದರೆ ಗೊತ್ತಿಲ್ಲದೆ ಸ್ವರವನ್ನು ಅಲುಗಿಸುವ ಕಂಪಿತ ಬಂದುಬಿಡುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು, ಈಗಲೂ ಸುಸ್ತಾದಾಗ ಇಣುಕುತ್ತದೆ.

ಪ್ಯಾಶನ್‌ನಲ್ಲಿ ಟೆನರ್‌ನ ದೊಡ್ಡ ಪಾತ್ರ ಇವಾಂಜೆಲಿಸ್ಟ್, ಮತ್ತಾಯನ ಸುವಾರ್ತೆಯ 26, 27ನೇ ಅಧ್ಯಾಯದ ಕತೆ ಹೇಳುವವನು. ತಾಳ ಬರೆದಿದ್ದರೂ ಅದಕ್ಕೆ ಕಟ್ಟುಬೀಳುವ ಹಾಗಿಲ್ಲ. ಸ್ಕೋರಿನಲ್ಲಿ ಉದ್ದವಾಗಿರುವ ಸ್ವರವನ್ನು ಸೆಲ್ಲೋ, ಆರ್ಗನ್ ಚಿಕ್ಕದಾಗಿ ನುಡಿಸಿ ಬಿಟ್ಟುಬಿಡುತ್ತವೆ, ಆಮೇಲೆ ನೀನು, ನಿನ್ನ ಮಾತು. ನಾನು ಮೊದಮೊದಲು ಎಣಿಸಿ ಎಣಿಸಿ ಹಾಡಿ ಎಲ್ಲರಿಗೂ ಬೇಜಾರು ಮಾಡಿದೆ. ಒಂದು ದಿನ ಅಜ್ಜಿ ಕರೆದುಕೊಂಡು ಹೋಗುತ್ತಿದ್ದ ಗಮಕ ವಾಚನ ನೆನಪಾಯಿತು. ಕುಮಾರವ್ಯಾಸನ ಪದ್ಯ ಓದುವವರು ರಾಗ ತೋರಿಸುವುದಿಲ್ಲ, ದುಃಶಾಸನನನ್ನು ತೋರಿಸುತ್ತಾರೆ. ಅಂದಿನಿಂದ ನನ್ನ ಅಭ್ಯಾಸ ಬದಲಾಯಿತು. ಮೊದಲು ಕನ್ನಡ ಬೈಬಲ್‌ನಲ್ಲಿ ಆ ಎರಡು ಅಧ್ಯಾಯ ಜೋರಾಗಿ ಓದುತ್ತೇನೆ, ಆಮೇಲೆ ಬಾಖ್ ಬಳಸಿದ, ಲೂಥರ್ ಅನುವಾದಿಸಿದ ಜರ್ಮನ್ ಬೈಬಲ್ ಅನ್ನು ಬರೀ ಮಾತಾಗಿ, ಒಂದು ವಾರ. ಸ್ವರ ಕೊನೆಗೆ. ಯೇಸುವನ್ನು ಗೊತ್ತೇ ಇಲ್ಲ ಅಂದ ಶಿಷ್ಯ ಪೇತ್ರ ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅಳುವ ಸಾಲು ಮಾತ್ರ ಬೇರೆ, ಅಲ್ಲಿ ಬಾಖ್ ಟೆನರ್‌ನನ್ನು ಮೇಲಕ್ಕೆ ಎಳೆದು ಸುತ್ತಿಸುತ್ತಾನೆ, ಅದಕ್ಕೆ ಗಂಟಲನ್ನೇ ತಯಾರು ಮಾಡಬೇಕು.

ಮೊದಲ ಸಲ ಈ ಪಾತ್ರ ಸಿಕ್ಕಿದ್ದು ಬದಲಿಗನಾಗಿ. ಹಾಡಬೇಕಿದ್ದವರಿಗೆ ಜ್ವರ, ಬೆಳಿಗ್ಗೆ ಒಂಬತ್ತಕ್ಕೆ ಫೋನ್, ಮಧ್ಯಾಹ್ನ ಎರಡಕ್ಕೆ ಕಾರ್ಯಕ್ರಮ, ರೈಲಿನಲ್ಲೇ ತಯಾರಿ. ಪೇತ್ರನ ಸಾಲು ಚೆನ್ನಾಗೇ ದಾಟಿದೆ. ಮುಂದೆ ದೇಶಾಧಿಪತಿ ಯೇಸು, ಬರಬ್ಬನೆಂಬ ಕೈದಿ, ಈ ಇಬ್ಬರಲ್ಲಿ ಯಾರನ್ನು ಬಿಡಲಿ ಅಂತ ಜನರನ್ನು ಕೇಳುತ್ತಾನೆ. ನಾನು 'ಅವರು ಅಂದರು' ಅನ್ನಬೇಕು, ಗಾಯಕವೃಂದ 'ಬರಬ್ಬ' ಅಂತ ಕಿರುಚಬೇಕು. ಜರ್ಮನ್‌ನಲ್ಲಿ ಎರಡೇ ಪದ. ಮುಂದಿನ ಪುಟದ ಮೇಲೆ ಕಣ್ಣಿಟ್ಟುಕೊಂಡು ಸುಮ್ನೆ ನಿಂತುಬಿಟ್ಟೆ! ಚರ್ಚೆಲ್ಲ ಮೌನ. ಕೊನೆಗೆ ನಿರ್ದೇಶಕರೇ ಕೈ ಬೀಸಿ ವೃಂದವನ್ನು ಎಬ್ಬಿಸಿದರು. ಮುಗಿದ ಮೇಲೆ ಒಬ್ಬ ಅಜ್ಜಿ ಬಂದು, ಆ ಮೌನ ಎಷ್ಟು ಚೆನ್ನಾಗಿತ್ತು ಅಂದರು. ನಿರ್ದೇಶಕರು ಏನೂ ಅನ್ನಲಿಲ್ಲ, ಮುಂದಿನ ವರ್ಷ ಕರೆಯಲೂ ಇಲ್ಲ.

ಬಾಖ್ ತನ್ನ ಕೈಬರಹದ ಪ್ರತಿಯಲ್ಲಿ ಸುವಾರ್ತೆಯ ಮಾತುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ. ನನ್ನ ಪ್ರತಿಯಲ್ಲಿ ಕೆಂಪು ಇರುವುದು ಆ ಎರಡು ಪದಕ್ಕೆ ಮಾತ್ರ, ಮೂರು ಸುತ್ತು.