ಹೊಸ ಶಾಫ್ಟ್ ಹಾಕುವ ಮೊದಲು ಹಳೆಯದನ್ನು ನೋಡಿ

ದೊಡ್ಡ ಯಂತ್ರದ ಶಾಫ್ಟ್ ತಾನಾಗಿ ಸವೆಯುವುದು ಕಡಿಮೆ. ಬೇರೆ ಏನೋ ಅದನ್ನು ಸವೆಸಿರುತ್ತದೆ. ಆ 'ಏನೋ' ಸಿಗದೆ ಹೊಸ ಶಾಫ್ಟ್ ಕೂರಿಸಿದರೆ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ. ನಾನು ಮೇಂಟೆನೆನ್ಸ್ ಫಿಟ್ಟರ್. ಇಲ್ಲಿ ಬರೆಯುತ್ತಿರುವುದು ಇಳಿಜಾರಿನ ಮೇಲೆ ಓಡುವ ಒಂದು ಬೆಲ್ಟ್ ಕನ್ವೇಯರ್‌ನ ಹೆಡ್ ಡ್ರಮ್ (ಮೇಲ್ತುದಿಯಲ್ಲಿ ಬೆಲ್ಟನ್ನು ಎಳೆಯುವ ಉರುಳೆ) ಶಾಫ್ಟ್ ಬದಲಿಸಿದ ಬಗ್ಗೆ.

ಗೇರ್‌ಬಾಕ್ಸ್ ಕಡೆಯ ಪ್ಲಮ್ಮರ್ ಬ್ಲಾಕ್ (ಶಾಫ್ಟಿನ ಬೇರಿಂಗ್ ಕೂರುವ ಹೌಸಿಂಗ್) ಪದೇ ಪದೇ ಬಿಸಿಯಾಗುತ್ತಿತ್ತು. ಗ್ರೀಸ್ ತುಂಬಿದಷ್ಟೂ ಬಿಸಿ ಜಾಸ್ತಿ. ಆಮೇಲೆ ಸೀಲಿನ ಅಂಚಿನಲ್ಲಿ ಕೆಂಪು ಕಂದು ಪುಡಿ ಕಾಣಿಸಿತು. ಅದು ಹೊರಗಿನ ಧೂಳಲ್ಲ. ಬಿಗಿಯಾಗಿ ಕೂತಿರಬೇಕಾದ ಎರಡು ಉಕ್ಕಿನ ಮೈಗಳು ಒಂದಕ್ಕೊಂದು ಉಜ್ಜಿಕೊಂಡಾಗ ಬರುವ ತುಕ್ಕಿನ ಪುಡಿ. ಬೇರಿಂಗಿನ ಒಳ ಬಳೆ, ಅಂದರೆ ಇನ್ನರ್ ರೇಸ್, ಶಾಫ್ಟ್ ಮೇಲೆ ಜಾರುತ್ತಿದೆ ಅನ್ನುವುದು ಅಲ್ಲಿಗೆ ಖಚಿತವಾಯಿತು.

ಇಂಥ ಕನ್ವೇಯರ್‌ನಲ್ಲಿ ಕರೆಂಟ್ ತೆಗೆದು ಬೀಗ ಹಾಕಿದರೆ ಸಾಲದು. ಬೆಲ್ಟ್ ಮೇಲೆ ಮಾಲು ಇದ್ದರೆ ಅದು ಹಿಂದಕ್ಕೆ ಜಾರಲು ಕಾಯುತ್ತಿರುತ್ತದೆ. ತಡೆದು ನಿಲ್ಲಿಸಿರುವುದು ಹಿಂದಕ್ಕೆ ತಿರುಗದಂತೆ ಹಿಡಿಯುವ ಹೋಲ್ಡ್‌ಬ್ಯಾಕ್ ಒಂದೇ. ಗೇರ್‌ಬಾಕ್ಸನ್ನು ಶಾಫ್ಟಿಗೆ ಜೋಡಿಸುವ ಕಪ್ಲಿಂಗ್ ಬಿಚ್ಚಿದ ಕ್ಷಣ ಆ ಆಸರೆಯೂ ತಪ್ಪಬಹುದು. ಹಾಗಾಗಿ ಮೊದಲು ಬೆಲ್ಟ್ ಖಾಲಿ ಮಾಡಿದೆವು. ಬೆಲ್ಟನ್ನು ಕ್ಲ್ಯಾಂಪ್ ಹಾಕಿ ಸ್ಟ್ರಕ್ಚರಿಗೆ ಕಟ್ಟಿದೆವು. ಬೆಲ್ಟನ್ನು ಬಿಗಿಯಾಗಿ ಎಳೆದಿಡುವ ಟೇಕಪ್ ತೂಕವನ್ನು ಚೈನ್ ಬ್ಲಾಕಿನಿಂದ ಎತ್ತಿ ಆನಿಸಿದೆವು. ಇಷ್ಟಾಗುವ ತನಕ ಒಂದು ಬೋಲ್ಟನ್ನೂ ಸಡಿಲಿಸಲಿಲ್ಲ. ಬಿಚ್ಚುವ ಮೊದಲು ಕಪ್ಲಿಂಗಿನ ಎರಡೂ ಅರ್ಧಕ್ಕೆ ಪಂಚ್ ಗುರುತು ಹಾಕಿದೆ. ಯಾವ ಶಿಮ್ (ಎತ್ತರ ಸರಿಮಾಡಲು ಇಡುವ ತೆಳು ತಗಡು) ಯಾವ ಕಾಲಿನ ಕೆಳಗಿತ್ತು ಎಂದು ಬರೆದಿಟ್ಟುಕೊಂಡೆ.

ಕಪ್ಲಿಂಗ್ ಹಬ್ ತೆಗೆಯಲು ಹೈಡ್ರಾಲಿಕ್ ಪುಲ್ಲರ್ ಬಳಸಿದೆವು. ಸುತ್ತಿಗೆ ಏಟು ಬೀಳುವ ಕಡೆ ನಾನು ನಿಲ್ಲುವುದೇ ಇಲ್ಲ. ಆ ಏಟು ಹಬ್ಬಿಗೆ ಮಾತ್ರ ಬೀಳುವುದಿಲ್ಲ, ಹಿಂದಿನ ಬೇರಿಂಗಿನ ರೋಲರ್‌ಗೂ ಬೀಳುತ್ತದೆ. ಕೆಟ್ಟ ಬೇರಿಂಗ್ ತಾನೇ, ಹೋಗಲಿ ಅಂತೀರಾ? ಬೇಡ. ಅದರ ಮೇಲಿನ ಗುರುತುಗಳನ್ನು ಇನ್ನೂ ಓದಬೇಕಿದೆ.

ಡ್ರಮ್ ಸಮೇತ ಶಾಫ್ಟ್ ಕೆಳಗಿಳಿದ ಮೇಲೆ ಎಲ್ಲರಿಗೂ ಅವಸರ, ಹೊಸದು ಯಾವಾಗ ಬರುತ್ತೆ ಅಂತ. ನಾನು ಎರಡೂ ಬೇರಿಂಗನ್ನು ತೊಳೆದು ಬೆಳಕಿನಲ್ಲಿ ಇಟ್ಟೆ. ಎರಡು ಸಾಲಿನ ಸ್ಫೆರಿಕಲ್ ರೋಲರ್ ಬೇರಿಂಗ್ ಅವು. ಸರಿಯಾಗಿ ದುಡಿದಿದ್ದರೆ ಎರಡು ಸಾಲಿನ ದಾರಿಯೂ ಔಟರ್ ರೇಸಿನಲ್ಲಿ ಹೆಚ್ಚುಕಮ್ಮಿ ಒಂದೇ ರೀತಿ ಮೂಡಿರಬೇಕು. ಇಲ್ಲಿ ಎಡಗಡೆ ಬೇರಿಂಗಿನಲ್ಲಿ ಎಡದ ಸಾಲು, ಬಲಗಡೆಯದರಲ್ಲಿ ಬಲದ ಸಾಲು ಮಾತ್ರ ಬೂದು ಬಣ್ಣಕ್ಕೆ ತಿರುಗಿ ಚಕ್ಕೆ ಎದ್ದಿತ್ತು. ಒಳಗಿನ ಸಾಲುಗಳು ಹೊಸದರಂತೆ ಹೊಳೆಯುತ್ತಿದ್ದವು. ಅಂದರೆ ಶಾಫ್ಟ್ ಎರಡೂ ಕಡೆಗೆ ಹೊರಕ್ಕೆ ತಳ್ಳುತ್ತಿತ್ತು.

ಹೌಸಿಂಗಿನಲ್ಲಿ ನೋಡಿದರೆ ಉತ್ತರ ಅಲ್ಲೇ ಇತ್ತು. ಬೇರಿಂಗ್ ಪಕ್ಕಕ್ಕೆ ಸರಿಯದಂತೆ ತಡೆಯುವ ಲೊಕೇಟಿಂಗ್ ರಿಂಗ್ ಎರಡೂ ಪ್ಲಮ್ಮರ್ ಬ್ಲಾಕಿನಲ್ಲಿ ಹಾಕಿದ್ದರು. ಒಂದು ಕಡೆ ಬೇರಿಂಗ್ ಬಿಗಿಯಾಗಿ ನಿಲ್ಲಬೇಕು, ಇನ್ನೊಂದು ಕಡೆ ಔಟರ್ ರೇಸ್ ಹೌಸಿಂಗಿನಲ್ಲಿ ಅತ್ತಿತ್ತ ಸರಿಯುವಂತಿರಬೇಕು. ಯಾಕೆಂದರೆ ಉಕ್ಕು ಹಿಗ್ಗುತ್ತದೆ. 2 ಮೀಟರ್ ಶಾಫ್ಟ್ 40 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 1 ಮಿ.ಮೀ. ಉದ್ದವಾಗುತ್ತದೆ. ಸರಿಯಲು ಜಾಗ ಇಲ್ಲದಿದ್ದರೆ ಆ ಬಲವೆಲ್ಲ ರೋಲರ್ ಮೇಲೆ. ಬೇರಿಂಗ್ ಬಿಸಿಯಾಗುತ್ತದೆ. ಇನ್ನರ್ ರೇಸ್ ಶಾಫ್ಟಿಗಿಂತ ಜಾಸ್ತಿ ಬಿಸಿಯಾಗಿ ಹಿಗ್ಗಿ ಹಿಡಿತ ಬಿಡುತ್ತದೆ. ಆಮೇಲೆ ಜಾರುತ್ತದೆ, ಶಾಫ್ಟನ್ನು ತಿನ್ನುತ್ತದೆ. ಸವೆತ ಸುತ್ತಲೂ ಸಮನಾಗಿತ್ತು, ಅದೂ ಇದಕ್ಕೆ ಹೊಂದುತ್ತದೆ. ಶಾಫ್ಟ್ ಬಾಗಿದ್ದರೆ ಅಥವಾ ಬ್ಯಾಲೆನ್ಸ್ ತಪ್ಪಿದ್ದರೆ ಒಂದೇ ಮಗ್ಗುಲು ಸವೆಯುತ್ತಿತ್ತು.

ಇನ್ನು ಹೊಸ ಶಾಫ್ಟಿನ ಅಳತೆ. ಹಳೇ ಶಾಫ್ಟನ್ನೇ ಲೇತಿನವರಿಗೆ ಕೊಟ್ಟು 'ಇದೇ ಥರ ಮಾಡಿ' ಅನ್ನುವವರಿದ್ದಾರೆ. ಸವೆದ ಜಾಗದ ಅಳತೆಯೂ ಹಾಗೇ ಹೊಸದಕ್ಕೆ ಬಂದುಬಿಡುತ್ತದೆ. ನಮ್ಮ ಬೇರಿಂಗ್ 22220. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಬೋರ್, ಅಂದರೆ ಒಳ ತೂತಿನ ಅಳತೆ, ಸಿಗುತ್ತದೆ, 100 ಮಿ.ಮೀ. ಡ್ರಾಯಿಂಗ್ ಪ್ರಕಾರ ಎಂ6 ಫಿಟ್, ಅಂದರೆ ಶಾಫ್ಟ್ 100.013ರಿಂದ 100.035 ಮಿ.ಮೀ. ಒಳಗೆ ಇರಬೇಕು. ಹಳೆಯದು ಕೆಲವು ಕಡೆ 99.85ಕ್ಕೆ ಇಳಿದಿತ್ತು.

ಆ 22 ಮೈಕ್ರಾನ್ (0.022 ಮಿ.ಮೀ.) ಪಟ್ಟಿ ಎಷ್ಟು ಕಿರಿದು ಅಂತ ಒಮ್ಮೆ ಯೋಚಿಸಿ. ಲೇತಿನಿಂದ ಬಿಸಿಬಿಸಿಯಾಗಿ ಇಳಿದ ಶಾಫ್ಟ್ ಕೋಣೆಯ ಬಿಸಿಗಿಂತ 20 ಡಿಗ್ರಿ ಮೇಲಿದ್ದರೆ, 100 ಮಿ.ಮೀ.ಗೆ ಸುಮಾರು 24 ಮೈಕ್ರಾನ್ ಜಾಸ್ತಿ ತೋರಿಸುತ್ತದೆ. ಅಳತೆಗೆ ಪಾಸು, ತಣ್ಣಗಾದ ಮೇಲೆ ಲೂಸು. ಅದಕ್ಕೇ ಶಾಫ್ಟನ್ನು ಒಂದು ರಾತ್ರಿ ಸುಮ್ನೆ ಬಿಟ್ಟು, ಬೆಳಗ್ಗೆ ಮೈಕ್ರೋಮೀಟರ್ ಹಿಡಿದೆ. ಪ್ರತಿ ಸೀಟಿನಲ್ಲಿ ಮೂರು ಕಡೆ, ಪ್ರತಿ ಕಡೆಯೂ ಅಡ್ಡಕ್ಕೆ ಒಮ್ಮೆ, ಅಲ್ಲಿಂದ 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ. ಶಾಫ್ಟ್ ದಪ್ಪವಾಗುವ ಕಡೆ ಇರುವ ಮೆಟ್ಟಿಲಿನ ಮೂಲೆಯ ರೇಡಿಯಸ್ ಕೂಡ ನೋಡಬೇಕು. ಅದು ಬೇರಿಂಗಿನ ಅಂಚಿನ ರೇಡಿಯಸ್ಸಿಗಿಂತ ದೊಡ್ಡದಾದರೆ ಬೇರಿಂಗ್ ಮೆಟ್ಟಿಲಿಗೆ ಒರಗುವುದಿಲ್ಲ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಬಿರುಕು ಶುರು. ಕೀಲಿ ಕೂರುವ ಗಾಡಿಯ, ಅಂದರೆ ಕೀವೇಯ, ಮೂಲೆಗೂ ಇದೇ ಮಾತು.

ಬೇರಿಂಗನ್ನು ಇಂಡಕ್ಷನ್ ಹೀಟರ್‌ನಲ್ಲಿ 110 ಡಿಗ್ರಿಗೆ ಕಾಯಿಸಿದೆವು. ಗ್ಯಾಸ್ ಜ್ವಾಲೆ ಬೇರಿಂಗ್ ಹತ್ತಿರ ಬರಕೂಡದು. 80 ಡಿಗ್ರಿ ಏರಿಕೆಗೆ ಬೋರ್ 0.1 ಮಿ.ಮೀ.ನಷ್ಟು ಹಿಗ್ಗುತ್ತದೆ, ಕೈಯಲ್ಲೇ ಜಾರಿ ಕೂರುತ್ತದೆ. ಕೂತ ಮೇಲೆ ಕೈ ಬಿಡಬೇಡಿ. ತಣ್ಣಗಾಗುವಾಗ ರೇಸ್ ಅಗಲದಲ್ಲೂ ಕುಗ್ಗಿ ಮೆಟ್ಟಿಲಿನಿಂದ ದೂರ ಸರಿಯುತ್ತದೆ. ಪೂರ್ತಿ ಆರುವ ತನಕ ಒತ್ತಿ ಹಿಡಿದು, ಆಮೇಲೆ ಸಂದಿಗೆ ಫೀಲರ್ ಗೇಜ್ (ತೆಳು ಉಕ್ಕಿನ ಎಲೆಗಳ ಅಳತೆ ಸಾಧನ) ತೂರಿಸಿ ನೋಡಬೇಕು. ತೆಳ್ಳಗಿನ ಎಲೆಯೂ ತೂರಬಾರದು.

ಲೊಕೇಟಿಂಗ್ ರಿಂಗನ್ನು ಗೇರ್‌ಬಾಕ್ಸ್ ಕಡೆ ಮಾತ್ರ ಹಾಕಿದೆ. ಇನ್ನೊಂದು ಕಡೆ ಬೇರಿಂಗ್ ಹೌಸಿಂಗಿನ ನಡುವೆ ಬರುವಂತೆ ಇಟ್ಟೆ, ಎರಡೂ ಬದಿಗೆ ಸರಿಯಲು ಜಾಗ ಬಿಟ್ಟು. ಗ್ರೀಸ್ ಬೇರಿಂಗಿನ ಒಳಗೆ ಪೂರ್ತಿ, ಹೌಸಿಂಗಿನ ಖಾಲಿ ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ. ಕಪ್ಲಿಂಗ್ ಅಲೈನ್‌ಮೆಂಟ್ (ಎರಡು ಶಾಫ್ಟನ್ನು ಒಂದೇ ನೇರಕ್ಕೆ ತರುವುದು) ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಒಂದೇ ಮಾತು ಸೇರಿಸುತ್ತೇನೆ. ಡಯಲ್ ಗೇಜ್ ಇಟ್ಟು ಗೇರ್‌ಬಾಕ್ಸಿನ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿ. ಕಾಲು 0.05 ಮಿ.ಮೀ.ಗಿಂತ ಜಾಸ್ತಿ ಎದ್ದರೆ ಮೊದಲು ಅದಕ್ಕೆ ಶಿಮ್ ಹಾಕಿ. ಅದನ್ನು ಬಿಟ್ಟು ಮಾಡಿದ ಅಲೈನ್‌ಮೆಂಟ್ ಬೋಲ್ಟ್ ಬಿಗಿ ಮಾಡುತ್ತಲೇ ಕೆಡುತ್ತದೆ.

ಓಡಿಸಿದ ಮೊದಲಿಗೆ ಬೇರಿಂಗಿನ ಬಿಸಿ ಏರಿತು. ಹೊಸ ಗ್ರೀಸ್ ಹರಡಿಕೊಳ್ಳುವ ತನಕ ಅದು ಮಾಮೂಲು. ಆಮೇಲೆ ಇಳಿದು ಒಂದು ಕಡೆ ನಿಂತಿತು. ಮೊದಲು ಖಾಲಿ ಬೆಲ್ಟ್, ಆಮೇಲೆ ಮಾಲು ಹಾಕಿ ಓಡಿಸಿದೆವು. ಮರುದಿನ ನಿಲ್ಲಿಸಿ ಬೋಲ್ಟ್‌ಗಳನ್ನೆಲ್ಲ ಟಾರ್ಕ್ ರೆಂಚಿನಿಂದ ಮತ್ತೆ ನೋಡಿದೆ.

ಹಳೇ ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ ಸ್ಪೇರ್ ಆಗಿ ಇಡೋಣ ಎಂದು ಕೇಳಿದರು. ಒಪ್ಪಲಿಲ್ಲ. ಇಂಥ ಶಾಫ್ಟಿನ ಉಕ್ಕಿಗೆ ಸರಿಯಾಗಿ ಮೊದಲೇ ಬಿಸಿ ಕೊಡದೆ ವೆಲ್ಡ್ ಮಾಡಿದರೆ ಪಕ್ಕದ ಲೋಹ ಗಡುಸಾಗಿ, ಪೆಡಸಾಗಿ ಬಿರುಕು ಬಿಡುತ್ತದೆ. ಸೀಲ್ ತಿಂದ ಗೆರೆ ಮಾತ್ರ ಇದ್ದಿದ್ದರೆ ತೆಳು ಸ್ಲೀವ್ ಹಾಕಿ ಬಳಸಬಹುದಿತ್ತು. ಬೇರಿಂಗ್ ಸೀಟಿಗೆ ಮೆಟಲ್ ಸ್ಪ್ರೇ ಮಾಡಿಸಿ ಗ್ರೈಂಡ್ ಮಾಡಿಸುವುದೂ ಒಂದು ದಾರಿ, ಆದರೆ ಬಿರುಕು ಇಲ್ಲ ಎಂದು ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣ) ಹಾಕಿ ಖಾತ್ರಿ ಮಾಡಿಕೊಂಡ ಮೇಲೆ. ನಮ್ಮದರಲ್ಲಿ ಡೈ ಹಾಕಿದಾಗ ಕೀವೇ ಮೂಲೆಯಿಂದ ಒಂದು ಸಣ್ಣ ಕೆಂಪು ಗೆರೆ ಓರೆಯಾಗಿ ಹೊರಟಿದ್ದು ಕಾಣಿಸಿತು. ಶಾಫ್ಟ್ ಗುಜರಿಗೆ ಹೋಯಿತು.