ಮೂರು ಕೈ ಕಂಪ್ಯೂಟರಿಗೆ, ಒಂದು ಕೈ ನನಗೆ

ತುಮಕೂರು–ಬೆಂಗಳೂರು ರೈಲಿನಲ್ಲಿ ಪಾಸ್ ಇಟ್ಟುಕೊಂಡು ಓಡಾಡಿದವರಿಗೆ 'ಇಪ್ಪತ್ತೆಂಟು' ಅನ್ನೋ ಎಲೆಯಾಟ ಹೇಳಿಕೊಡಬೇಕಿಲ್ಲ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ನಾಲ್ವರ ಮಂಡಿ ಮೇಲೆ ಟವಲ್, ಟವಲ್ ಮೇಲೆ ಎಲೆ. ಯಶವಂತಪುರದವರೆಗೂ ಜಗಳ. ರಿಟೈರ್ ಆದಮೇಲೆ ನಾಲ್ವರೂ ನಾಲ್ಕು ದಿಕ್ಕು. ಬ್ರಿಜ್ ಕಲಿಯುವ ಆಸೆ ಹುಟ್ಟಿದ್ದು 2018ರಲ್ಲಿ. ಅದೂ ಇಬ್ಬಿಬ್ಬರು ಜೊತೆಯಾಗಿ ನಾಲ್ವರು ಆಡುವ ಎಲೆಯಾಟವೇ. ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ 60 ವರ್ಷದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೊತೆಗೂಡಿ ಚಿನ್ನ ಗೆದ್ದರಲ್ಲ, ಆಗ. ಆದರೆ ಸಿದ್ಧಗಂಗಾ ಬಡಾವಣೆಯಲ್ಲಿ ಇನ್ನು ಮೂರು ಜನರನ್ನು ಎಲ್ಲಿಂದ ತರೋದು? ಕಂಪ್ಯೂಟರಿನಿಂದ ತಂದೆ.

ನಾನು ಆಡೋದು ಬ್ರಿಜ್ ಬೇಸ್ ಆನ್‌ಲೈನ್‌ನಲ್ಲಿ. ಬ್ರೌಸರ್‌ನಲ್ಲೇ ತೆರೆಯುತ್ತದೆ. ಕೆಲವು ಆಟಕ್ಕೆ ದುಡ್ಡು ಕೇಳುತ್ತದೆ, ಕಲಿಯುವವರಿಗೆ ಅದು ಬೇಡ.

ಮೊದಲು ಇಪ್ಪತ್ತೆಂಟನ್ನು ಮರೆಯಿರಿ. ಅಲ್ಲಿ ಗುಲಾಮನೇ ದೊಡ್ಡವನು, ಮೂರು ಪಾಯಿಂಟ್. ಇಲ್ಲಿ ಕೈಯ ಬಲ ಅಳೆಯುವಾಗ ಅವನಿಗೆ ಒಂದೇ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2. ತುರುಫನ್ನು, ಅಂದರೆ ಉಳಿದೆಲ್ಲ ಜಾತಿಯನ್ನೂ ಹೊಡೆಯುವ ಜಾತಿಯನ್ನು, ಮುಚ್ಚಿಡುವಂತಿಲ್ಲ, ಎಲ್ಲರೆದುರೇ ಕೂಗಬೇಕು. ಕಳಾವರ್, ಡೈಮಂಡ್, ಆಟೀನ್, ಇಸ್ಪೀಟ್, ಕೊನೆಗೆ ತುರುಫೇ ಇಲ್ಲದ ಆಟ: ಇದು ಏರುವ ಕ್ರಮ. 'ಒಂದು ಇಸ್ಪೀಟ್' ಅಂದರೆ ಆರರ ಮೇಲೊಂದು, ಅಂದರೆ ಏಳು ಟ್ರಿಕ್ ಗೆಲ್ತೀನಿ ಅಂತ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಟ್ರಿಕ್.

ಕೂಗೋದೇ ಕಷ್ಟದ ಭಾಗ. ಕಂಪ್ಯೂಟರ್ ಹೆಚ್ಚು ಉಪಕಾರ ಮಾಡೋದೂ ಅಲ್ಲೇ. ಯಾವುದೇ ಬಿಡ್ (ಕೂಗು) ಮೇಲೆ ಮೌಸ್ ಇಟ್ಟರೆ ಅದರ ಅರ್ಥ ಬರುತ್ತದೆ. ನಾನದನ್ನು ಓದುತ್ತಲೇ ಇರಲಿಲ್ಲ. ಒಂದು ಸಲ ನನ್ನ ಕೈಯಲ್ಲಿ ಇಸ್ಪೀಟಿನ ಎಕ್ಕ, ರಾಣಿ, 9, 6, 3. ಆಟೀನ್ ರಾಜ, 7, 4. ಡೈಮಂಡ್ ಎಕ್ಕ, 5. ಕಳಾವರ್ 8, 6, 2. ಒಟ್ಟು 13 ಪಾಯಿಂಟ್. ಒಂದು ಇಸ್ಪೀಟ್ ಅಂದೆ. ಎದುರು ಕೂತ ನನ್ನ ಜೊತೆಗಾರ ರೋಬೋಟ್ ಎರಡು ಇಸ್ಪೀಟ್ ಅಂತು. ಖುಷಿಯಲ್ಲಿ ಸೀದಾ ನಾಲ್ಕಕ್ಕೆ ಹಾರಿದೆ. ಹತ್ತು ಟ್ರಿಕ್ ಬೇಕಿತ್ತು, ಎಂಟು ಬಂತು. ಆಮೇಲೆ ಅದರ ಎರಡರ ಮೇಲೆ ಮೌಸ್ ಇಟ್ಟು ನೋಡಿದೆ: ಇಸ್ಪೀಟಿಗೆ ಜೊತೆ ಇದೆ, ಆದರೆ ಕೈ ಬಡವು. ಹೆಚ್ಚೆಂದರೆ ಹತ್ತು ಪಾಯಿಂಟ್. ಎರಡೂ ಸೇರಿ 23 ಮೀರದು, ನಾಲ್ಕಕ್ಕೆ ಸುಮಾರು 25 ಬೇಕು. ಸುಮ್ನೆ ಪಾಸ್ ಅನ್ನಬೇಕಿತ್ತು ಅಲ್ವಾ?

ಆಟ ಶುರುವಾಗಿ ಜೊತೆಗಾರನ ಎಲೆಗಳನ್ನೆಲ್ಲ ಟೇಬಲ್ ಮೇಲೆ ಬಿಚ್ಚಿಟ್ಟ ಕೂಡಲೇ ಎಲೆ ಎಸೆಯಬೇಡಿ. ಯಾವ ಟ್ರಿಕ್ ಖಂಡಿತ ಬರುತ್ತೆ, ಯಾವುದು ಹೋಗುತ್ತೆ, ಎಣಿಸಿ. ತುರುಫು 13. ಎಷ್ಟು ಹೊರಗೆ ಬಿತ್ತು ಅಂತ ನಾನು ಇವತ್ತಿಗೂ ಪೆನ್ಸಿಲಿನಲ್ಲಿ ಗೀಟು ಹಾಕ್ತೀನಿ. ಮನೆಯವಳು ನಗ್ತಾಳೆ, ನಗಲಿ.

ಎರಡು ಎಚ್ಚರಿಕೆ. ಕೆಲವು ಆಟಗಳಲ್ಲಿ ಒಳ್ಳೆಯ ಕೈ ಯಾವಾಗಲೂ ನಿಮಗೇ ಬರುತ್ತದೆ. ನಾನು ಭಾರಿ ಆಟಗಾರ ಅಂದುಕೊಂಡು ಉಬ್ಬಿ ಹೋಗಿದ್ದೆ. ಇನ್ನೊಂದು, ಹಾಕಿದ ಎಲೆ ವಾಪಸ್ ತೆಗೆಯುವ ಬಟನ್. ಮೊದಲ ವಾರಕ್ಕೆ ಸರಿ, ಆಮೇಲೆ ಮುಟ್ಟಬೇಡಿ. ರೈಲಿನಲ್ಲಿ ಹಾಗೆ ಮಾಡಿದ್ದರೆ ನೆಲಮಂಗಲದ ಆಸುಪಾಸಿನಲ್ಲೇ ಇಳಿಸಿಬಿಡ್ತಿದ್ದರು.

ಈಗ ಭಾನುವಾರ ರೈಲಿನ ಹಳೇ ಗೆಳೆಯನೊಬ್ಬ ತಿಪಟೂರಿನಿಂದ ಅದೇ ಟೇಬಲ್‌ಗೆ ಬಂದು ಕೂರ್ತಾನೆ. ನಾವಿಬ್ಬರು ಒಂದು ಕಡೆ, ರೋಬೋಟ್‌ಗಳು ಇನ್ನೊಂದು ಕಡೆ. ಗುಲಾಮ ಬಂದರೆ ಸಾಕು, ಇನ್ನೂ ಫೋನಿನಲ್ಲಿ ಕಿರುಚ್ತಾನೆ.