ಬಾಟಲಿ ಎಷ್ಟು ತರಿಸಬೇಕು, ಯಾವ ಪಾಕ ಮೊದಲು ಕಾಯಿಸಬೇಕು?

ಶಿರಸಿ ಸೀಮೆಯಲ್ಲಿ ಮುರುಗಲು ಪಾಕ, ಶುಂಠಿ ಪಾಕ, ಅನಾನಸ್ ಜಾಮ್ ತಯಾರಿಸುವ ಗೃಹೋದ್ಯಮವೊಂದು ತನ್ನ ದಾಸ್ತಾನನ್ನು ಲೆಕ್ಕಕ್ಕೆ ತರಬೇಕಾದರೆ ಮೊದಲು ಸಾಮಗ್ರಿಯನ್ನು ಎರಡು ಪಾಲು ಮಾಡಬೇಕು. ಮುರುಗಲು ಹಣ್ಣು ಬೇಸಿಗೆಯಲ್ಲಷ್ಟೇ ಬರುತ್ತದೆ. ಮಳೆ ಹಿಡಿಯುವುದರೊಳಗೆ ಅಂಗಳದಲ್ಲಿ ಎಷ್ಟು ಸಿಪ್ಪೆ ಒಣಗಿಸಲು ಸಾಧ್ಯವೋ ಅಷ್ಟೇ ಅದರ ಮಿತಿ. ಬಾಟಲಿ, ಮುಚ್ಚಳ, ಸಕ್ಕರೆ ವರ್ಷವಿಡೀ ಸಿಗುತ್ತವೆ. ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಅತಿ ಕಡಿಮೆ ಎಂಬುದಕ್ಕೆ ಮುಂದೆ ಹೇಳುವ ಸೂತ್ರ ಈ ಎರಡನೆಯ ಪಾಲಿಗೆ ಮಾತ್ರ.

ಈ ಸೂತ್ರವನ್ನು 1913ರಲ್ಲಿ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಪ್ರಕಟಿಸಿದರು. ವರ್ಷದ ಬೇಡಿಕೆಯನ್ನು ಒಂದು ಸಲದ ತರಿಸುವ ಖರ್ಚಿನಿಂದ ಗುಣಿಸಿ, ಅದನ್ನು ಇಮ್ಮಡಿಗೊಳಿಸಿ, ಒಂದು ವಸ್ತುವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಉದಾಹರಣೆಗೆ, ವರ್ಷಕ್ಕೆ 7,200 ಬಾಟಲಿ ಬೇಕು, ಹುಬ್ಬಳ್ಳಿಯಿಂದ ತರಿಸಲು ಪ್ರತಿ ಸಲ 400 ರೂಪಾಯಿ ತಗಲುತ್ತದೆ, ಬಡ್ಡಿ, ಜಾಗ, ಒಡೆಯುವಿಕೆ ಸೇರಿ ಬಾಟಲಿಗೆ ವರ್ಷಕ್ಕೆ 4 ರೂಪಾಯಿ ಎಂದಿಟ್ಟುಕೊಂಡರೆ ಉತ್ತರ ಸಲಕ್ಕೆ 1,200 ಬಾಟಲಿ. ತರಿಸುವುದು, ಇಟ್ಟುಕೊಳ್ಳುವುದು ಸೇರಿ ವರ್ಷದ ಒಟ್ಟು ಖರ್ಚು 4,800 ರೂಪಾಯಿ. ಆದರೆ ಈ ಸಂಖ್ಯೆಗೇ ಜೋತುಬೀಳಬೇಕಾಗಿಲ್ಲ. ಒಂದೊಂದು ಸಲಕ್ಕೆ 1,500 ತರಿಸಿದರೂ ಖರ್ಚು 4,920 ರೂಪಾಯಿಗೆ ಏರುತ್ತದೆ, ಅಷ್ಟೇ. ಗಾಡಿ ತುಂಬುವಷ್ಟು ತರಿಸುವುದೇ ಜಾಣತನವೆಂದು ನನಗನ್ನಿಸುತ್ತದೆ.

ಯಾವಾಗ ತರಿಸಬೇಕೆಂಬುದು ಬೇರೆ ಪ್ರಶ್ನೆ. ದಿನಕ್ಕೆ 20 ಬಾಟಲಿ ಖರ್ಚಾಗಿ, ಮಾಲು ಬರಲು 5 ದಿನ ಹಿಡಿಯುವುದಾದರೆ, 100 ಬಾಟಲಿ ಉಳಿದಾಗ ಹೇಳಿಕಳುಹಿಸಬೇಕು. ಮಳೆಗಾಲದಲ್ಲಿ ಮಾಲು ಬರಲು 12 ದಿನ ಆದೀತೆನಿಸಿದರೆ ಆ ಮಟ್ಟ 240ಕ್ಕೆ ಏರಬೇಕು. ಇದರ ಮೇಲೆ ಆಪತ್ತಿಗೆಂದು ಒಂದಿಷ್ಟು ಇರಲಿ. ಪಾನಕದ ಬೇಡಿಕೆ ಹೆಚ್ಚುವ ಬೇಸಿಗೆಗೆ ಆ ತಿಂಗಳುಗಳ ಸರಾಸರಿಯನ್ನೇ ಹಿಡಿಯಬೇಕು.

ಇನ್ನು ಕೆಲಸದ ಸರತಿ. ಬಿಡಿಗಾಸೂ ಖರ್ಚಿಲ್ಲದೆ ಸಮಯ ಉಳಿಯುವುದು ಇಲ್ಲಿಯೇ. ಮೊದಲು ಒಲೆ, ನಂತರ ತುಂಬುವ ಮೇಜು ಎಂಬ ಎರಡೇ ಹಂತಗಳಿದ್ದಾಗ 1954ರ ಜಾನ್ಸನ್ ನಿಯಮ ಸಾಕು: ಎಲ್ಲ ಸಮಯಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ, ಅದು ಒಲೆಯದಾದರೆ ಆ ಕೆಲಸವನ್ನು ಸರತಿಯ ಮುಂದಕ್ಕೂ ಮೇಜಿನದಾದರೆ ಕೊನೆಗೂ ಇಟ್ಟು, ಉಳಿದವುಗಳಿಗೂ ಹಾಗೆಯೇ ಮಾಡಬೇಕು. ಮುರುಗಲಿಗೆ ಒಲೆಯಲ್ಲಿ 2, ಮೇಜಿನಲ್ಲಿ 3 ಗಂಟೆ. ಶುಂಠಿಗೆ 3 ಮತ್ತು 4. ಜಾಮಿಗೆ 4 ಮತ್ತು 1 ಎಂದಾದರೆ, ಇದೇ ಕ್ರಮದಲ್ಲಿ ಮಾಡಿದಾಗ ಕೆಲಸ ಒಟ್ಟು 10 ಗಂಟೆಗಳಲ್ಲಿ ಮುಗಿಯುತ್ತದೆ. ಜಾಮಿನಿಂದ ಶುರುಮಾಡಿ ತಿರುವುಮುರುವಾಗಿ ಹೋದರೆ 14 ಗಂಟೆ ಬೇಕು.

ಸಕ್ಕರೆ, ಆಳು, ಒಲೆ ಎಲ್ಲವೂ ಸೀಮಿತವಾಗಿದ್ದು ಯಾವ ಪಾಕ ಎಷ್ಟು ಮಾಡಿದರೆ ಲಾಭವೆಂಬ ಪ್ರಶ್ನೆಗೆ ಸ್ಪ್ರೆಡ್‌ಶೀಟಿನ ‘ಸಾಲ್ವರ್’ ಸೌಲಭ್ಯ ಉತ್ತರಿಸುತ್ತದೆ. ಮಿತಿಗಳೊಳಗೆ ಅತಿ ಹೆಚ್ಚು ಲಾಭದ ಹಂಚಿಕೆಯನ್ನು ಹುಡುಕುವ, 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಅದರೊಳಗಿದೆ. ಅದಕ್ಕೆ ಅಂದಾಜಿನ ಅಂಕಿ ಕೊಡುವ ಬದಲು, ಮೊದಲ ಒಂದೆರಡು ತಿಂಗಳು ಪ್ರತಿ ಬ್ಯಾಚಿಗೆ ಹಿಡಿದ ಸಮಯವನ್ನೂ ಸಕ್ಕರೆಯ ತೂಕವನ್ನೂ ಒಲೆಯ ಬಳಿಯ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.